ಕೆಟ್ಟ ಗಣಕಯಂತ್ರದಿಂದ ಹಳೆಯ ಕಡತಗಳನ್ನು ಪಡೆಯುವುದು ಹೇಗೆ?

ಶಿರಸಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳ ಅಟ್ಟದಲ್ಲಿ ಎರಡು ದಶಕಗಳ ಹಿಂದೆ ಕೊಂಡ ಗಣಕಯಂತ್ರವೊಂದು ಧೂಳು ಹಿಡಿದು ಕುಳಿತಿರುವುದುಂಟು. ಅದರೊಳಗೆ ತೋಟದ ಲೆಕ್ಕ, ಮದುವೆಯ ಛಾಯಾಚಿತ್ರ, ತಾಳಮದ್ದಲೆಯ ಧ್ವನಿಮುದ್ರಣ, ಅಜ್ಜ ಹೇಳಿ ಬರೆಸಿದ ಮನೆತನದ ಚರಿತ್ರೆ ಇರಬಹುದು. ಯಂತ್ರ ಕೆಟ್ಟಿತೆಂದ ಮಾತ್ರಕ್ಕೆ ಇವೆಲ್ಲ ನಾಶವಾದವೆಂದು ಭಾವಿಸಿ ಗುಜರಿಗೆ ಹಾಕುವುದು ದುಡುಕಿನ ಕೆಲಸ.

ಮಲೆನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಗಣಕಯಂತ್ರ ಬಲಿಯಾಗುವುದು ಹೊಸತೇನಲ್ಲ. ವಿದ್ಯುತ್ ಇಲ್ಲವೇ ದೂರವಾಣಿ ತಂತಿಯ ಮೂಲಕ ಬಂದ ಆಘಾತಕ್ಕೆ ಸಾಮಾನ್ಯವಾಗಿ ಮೊದಲು ಸುಡುವುದು ಎಸ್‌ಎಂಪಿಎಸ್, ಮೋಡೆಮ್ ಹಾಗೂ ಮದರ್‌ಬೋರ್ಡ್. ಮಾಹಿತಿ ಇರುವುದು ಹಾರ್ಡ್ ಡಿಸ್ಕ್ ಎಂಬ ಪ್ರತ್ಯೇಕ ಲೋಹದ ಪೆಟ್ಟಿಗೆಯಲ್ಲಿ. ಅದು ಸುರಕ್ಷಿತವಾಗಿ ಉಳಿದಿರುವ ಸಾಧ್ಯತೆ ಇದ್ದೇ ಇರುತ್ತದೆ.

ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆದ ಬಳಿಕ ಅದರ ಹಿಂಬದಿ ನೋಡಬೇಕು. ಎರಡು ಸಾಲಿನಲ್ಲಿ ಸೂಜಿಯಂತಹ ಪಿನ್‌ಗಳಿದ್ದರೆ ಅದು ಐಡಿಇ. ಚಪ್ಪಟೆ ಬಾಯಿ ಇದ್ದರೆ 2003ರಿಂದ ಬಳಕೆಗೆ ಬಂದ ಸಾಟಾ. ಎರಡಕ್ಕೂ ಯುಎಸ್‌ಬಿ ಅಡಾಪ್ಟರ್ ದೊರೆಯುತ್ತದೆ. ಮೇಜಿನ ಗಣಕಯಂತ್ರದ 3.5 ಅಂಗುಲದ ಡಿಸ್ಕ್‌ಗೆ 12 ವೋಲ್ಟ್ ವಿದ್ಯುತ್ ಬೇಕಾದ್ದರಿಂದ ಪ್ರತ್ಯೇಕ ವಿದ್ಯುತ್ ಸಂಪರ್ಕವುಳ್ಳ ಅಡಾಪ್ಟರನ್ನೇ ಕೊಳ್ಳಬೇಕು. ಮಳೆಗಾಲದ ತೇವ ಕುಡಿದ ಡಿಸ್ಕನ್ನು ಕೂಡಲೇ ಚಾಲೂ ಮಾಡದೆ ಕೆಲವು ದಿನ ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುವುದು ಲೇಸು. ಅಡಿಕೆ ಒಣಗಿಸುವ ಬಿಸಿ ಅಟ್ಟ ಇದಕ್ಕೆ ಸಲ್ಲದು!

ಜೋಡಿಸಿದಾಗ 'ಟಕ್ ಟಕ್' ಸದ್ದು ಬಂದರೆ ತಕ್ಷಣ ವಿದ್ಯುತ್ ತೆಗೆಯಿರಿ. ಒಳಗಿನ ಓದುವ ಸೂಜಿ ಕೆಟ್ಟಿರಬಹುದು. ಮತ್ತೆ ಮತ್ತೆ ಚಾಲೂ ಮಾಡಿದರೆ ಉಳಿದದ್ದೂ ಹಾಳಾದೀತು. ಮುಚ್ಚಳ ತೆರೆಯುವಂತಿಲ್ಲ, ಫ್ರಿಜ್‌ನಲ್ಲಿಡುವ ಉಪಾಯವೂ ಬೇಡ. ಇಂತಹ ಡಿಸ್ಕ್‌ಗೆ ಧೂಳುರಹಿತ ಕೊಠಡಿಯುಳ್ಳ ತಜ್ಞರೇ ಗತಿ, ವೆಚ್ಚವೂ ದೊಡ್ಡದು.

'ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ?' ಎಂದು ವಿಂಡೋಸ್ ಕೇಳಿದರೆ ಒಪ್ಪಲೇಬಾರದು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕ್‌ನ ಪ್ರತಿಯನ್ನು ಬೇರೆಡೆ ಮಾಡಿಕೊಂಡು, ಆ ಪ್ರತಿಯ ಮೇಲೆಯೇ ಟೆಸ್ಟ್‌ಡಿಸ್ಕ್ ಅಥವಾ ಫೋಟೊರೆಕ್ ಪ್ರಯೋಗಿಸಬೇಕು. ಫೋಟೊರೆಕ್ ಅಳಿಸಿದ ಕಡತಗಳನ್ನೂ ಹುಡುಕಿಕೊಡಬಲ್ಲದು, ಆದರೆ ಕಡತಗಳ ಮೂಲ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ.

ಕಡತ ಸಿಕ್ಕರೂ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಆ ಕಾಲದಲ್ಲಿ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳಲ್ಲಿ ಟೈಪಿಸಿದ ಬಹಳಷ್ಟು ಬರವಣಿಗೆ ಯುನಿಕೋಡ್‌ನಲ್ಲಿಲ್ಲ. ಇಂದಿನ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಅಳಿಸಬೇಡಿ. 'ನುಡಿ 01 ಇ' ಅಥವಾ 'ಬಿಆರ್‌ಎಚ್ ಕನ್ನಡ'ದಂತಹ ಹಳೆಯ ಅಕ್ಷರ ವಿನ್ಯಾಸ ಅಳವಡಿಸಿದರೆ ಓದಬಹುದು. ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಲೂಬಹುದು. ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಾನ ತಪ್ಪುವುದುಂಟಾದ್ದರಿಂದ ಮೂಲ ಕಡತವನ್ನೂ ಹಾಗೆಯೇ ಇಟ್ಟುಕೊಳ್ಳಬೇಕು.