ಮದ್ಯಪಾನ ಮತ್ತು ಪೋಷಣೆ: ಕೊಡಗಿನ ಮನೆ, ತೋಟಗಳಲ್ಲಿ ತಿಳಿದಿರಬೇಕಾದ ಸಂಗತಿಗಳು

ಶ್ರಾವಕರ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೂ ಒಂದು. ಆದ್ದರಿಂದ ಜೈನ ಮನೆಗಳಲ್ಲಿ ಈ ವಿಷಯದ ಚರ್ಚೆ ಕಡಿಮೆ. ಆದರೆ ಕೊಡಗಿನಲ್ಲಿ ಅಂಗಡಿ, ತೋಟ ನಡೆಸುವವರ ಬಳಿ ದುಡಿಯುವ ಎಷ್ಟೋ ಜನರ ಆರೋಗ್ಯ ಕುಡಿತದಿಂದ ಕೆಡುತ್ತಿದೆ. ಮದ್ಯ ಯಕೃತ್ತನ್ನು ಹಾಳುಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅದು ಊಟವನ್ನೇ ಕಸಿಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕೊಡಗಿನ ಹಿನ್ನೆಲೆ

ಕೊಡವರ ಹಲವು ಆಚರಣೆಗಳಲ್ಲಿ, ಗುರುಕಾರಣರಿಗೆ ಅರ್ಪಿಸುವಲ್ಲಿ ಮದ್ಯಕ್ಕೆ ಸ್ಥಾನವಿದೆ. ಅದು ಅವರ ಸಂಪ್ರದಾಯ. ಕಾಫಿ ತೋಟದ ಲೈನ್‌ಮನೆಗಳಲ್ಲಿ ಕಾಣುವ ದಿನನಿತ್ಯದ ಕುಡಿತ ಬೇರೆಯೇ ಸಂಗತಿ. ವಾರದ ಬಟವಾಡೆಯಾದ ದಿನ ಸಂತೆಯ ಸಾಮಾನಿಗಿಂತ ಮೊದಲು ಮದ್ಯದಂಗಡಿಗೆ ಹಣ ಹೋದರೆ ಆ ವಾರವೆಲ್ಲ ಮಕ್ಕಳ ತಟ್ಟೆಯಲ್ಲಿ ಬೇಳೆ, ಸೊಪ್ಪು, ಹಾಲು ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಆ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ, ರಮ್ ಬಂದವು.

ಶಕ್ತಿ ಇದೆ, ಪೋಷಣೆ ಇಲ್ಲ

ಒಂದು ಗ್ರಾಂ ಆಲ್ಕೊಹಾಲ್‌ನಲ್ಲಿ 7 ಕ್ಯಾಲೊರಿ ಇರುತ್ತದೆ. ಶೇ. 42.8ರ ಪ್ರಮಾಣದ 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲ್, ಅಂದರೆ 420ಕ್ಕೂ ಹೆಚ್ಚು ಕ್ಯಾಲೊರಿ. ಇದು ಸುಮಾರು 120 ಗ್ರಾಂ ಅಕ್ಕಿ ಕೊಡುವ ಶಕ್ತಿಗೆ ಸಮ. ಆದರೆ ಅಕ್ಕಿಯಲ್ಲಿರುವ ಪ್ರೋಟೀನ್, ಜೀವಸತ್ವ, ಖನಿಜ ಯಾವುದೂ ಇದರಲ್ಲಿಲ್ಲ. ದಿನವೂ ಹೆಚ್ಚು ಕುಡಿಯುವವರಿಗೆ ಹಸಿವು ಸತ್ತು ಊಟ ಬೇಡವೆನಿಸಬಹುದು. ಹೊಟ್ಟೆ ತುಂಬಿದಂತೆ ಅನಿಸುತ್ತದೆ, ದೇಹ ಒಳಗೊಳಗೇ ಬಡವಾಗುತ್ತದೆ.

ತಿಂದ ಆಹಾರವೂ ಪೂರ್ತಿ ಮೈಗೆ ಹತ್ತುವುದಿಲ್ಲ. ಮದ್ಯ ಜಠರ ಮತ್ತು ಕರುಳಿನ ಒಳಪದರವನ್ನು ಕೆರಳಿಸಿ ಪೋಷಕಾಂಶ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಮೇದೋಜೀರಕ ಗ್ರಂಥಿ ಕೆಟ್ಟರೆ ಕೊಬ್ಬು ಜೀರ್ಣವಾಗದು. ಮೂತ್ರದ ಮೂಲಕ ಮೆಗ್ನೀಷಿಯಂ, ಸತುವಿನಂಥ ಖನಿಜಗಳೂ ಹೊರಹೋಗುತ್ತವೆ.

ಮುಖ್ಯ ಕೊರತೆಗಳು

ಬಿ1 ಜೀವಸತ್ವ (ಥಯಾಮಿನ್): ದೇಹದಲ್ಲಿ ಇದರ ದಾಸ್ತಾನು ಎರಡು–ಮೂರು ವಾರಕ್ಕಷ್ಟೇ ಸಾಕಾಗುತ್ತದೆ. ಇದು ತೀರಾ ಕಡಿಮೆಯಾದಾಗ ಗೊಂದಲ, ತೂರಾಟ, ಕಣ್ಣಿನ ಚಲನೆಯಲ್ಲಿ ತೊಂದರೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ವೆರ್ನಿಕೆ ಕಾಯಿಲೆ ಎನ್ನುತ್ತಾರೆ. ನೋಡಿದವರು ‘ಇನ್ನೂ ಅಮಲು ಇಳಿದಿಲ್ಲ’ ಎಂದು ಸುಮ್ಮನಾಗುತ್ತಾರೆ. ಚಿಕಿತ್ಸೆ ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಫೋಲೇಟ್: ಕೊರತೆಯಾದರೆ ರಕ್ತಹೀನತೆ, ಸುಸ್ತು, ಬಾಯಿಹುಣ್ಣು.

ಎ ಜೀವಸತ್ವ ಮತ್ತು ಸತು: ಇರುಳುಗಣ್ಣು, ರೋಗನಿರೋಧಕ ಶಕ್ತಿ ಕುಂದುವುದು, ಗಾಯ ಬೇಗ ಮಾಯದಿರುವುದು.

ಇತರ ಹಾನಿಗಳು

ಯಕೃತ್ತಿನಲ್ಲಿ ಮೊದಲು ಕೊಬ್ಬು ಸೇರುತ್ತದೆ. ಈ ಹಂತದಲ್ಲಿ ಕುಡಿತ ಬಿಟ್ಟರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಮುಂದುವರಿದರೆ ಉರಿಯೂತ, ಕೊನೆಗೆ ಸಿರೋಸಿಸ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡಕರುಳು, ಸ್ತನ ಕ್ಯಾನ್ಸರ್‌ಗಳಿಗೂ ಇದಕ್ಕೂ ಸಂಬಂಧವಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವಿಲ್ಲದೆ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕ್ಷಯರೋಗದ ಔಷಧಿಯ ಜೊತೆ ಕುಡಿದರೆ ಯಕೃತ್ತಿಗೆ ಹೊರೆ ಹೆಚ್ಚುತ್ತದೆ. ಗರ್ಭಿಣಿ ಕುಡಿದರೆ ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು.

ಎರಡು ತಪ್ಪು ತಿಳಿವಳಿಕೆ

‘ಮಳೆ, ಚಳಿಗೆ ಸ್ವಲ್ಪ ಬೇಕು’: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಆಗ ಮೈ ಬೆಚ್ಚಗಾದಂತೆ ಅನಿಸಿದರೂ ಒಳಗಿನ ಶಾಖ ಹೊರಗೆ ಹೋಗುತ್ತದೆ. ಮಳೆಯಲ್ಲಿ ನೆನೆದು ಕುಡಿದು ಹೊರಗೆ ಮಲಗುವುದು ಪ್ರಾಣಕ್ಕೇ ಅಪಾಯ. ಕೊಡಗಿನ ಚಳಿಗೆ ಬೆಲ್ಲದ ಕಾಫಿ, ಒಣಶುಂಠಿ–ಕರಿಮೆಣಸಿನ ಕಷಾಯ, ಬಿಸಿ ಗಂಜಿ ಇವೆ.

‘ಮನೆಯ ವೈನ್ ಹಣ್ಣಿನದು, ಒಳ್ಳೆಯದು’: ಹಣ್ಣಿನ ಸಕ್ಕರೆಯೇ ಹುದುಗಿ ಆಲ್ಕೊಹಾಲ್ ಆಗುತ್ತದೆ, ನಾರಿನಂಶ ಉಳಿಯುವುದಿಲ್ಲ. ಶೇ. 12ರ ಪ್ರಮಾಣದ 150 ಮಿ.ಲೀ. ವೈನ್‌ನಲ್ಲಿ ಸುಮಾರು 14 ಗ್ರಾಂ ಆಲ್ಕೊಹಾಲ್ ಇರುತ್ತದೆ. ಶೇ. 5ರ ಪ್ರಮಾಣದ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ, ಅಂದರೆ 60 ಮಿ.ಲೀ. ವಿಸ್ಕಿಗಿಂತ ಹೆಚ್ಚು. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ಬಿಡಿಸುವಾಗ ಎಚ್ಚರಿಕೆ

ಬಹುಕಾಲ ದಿನವೂ ಕುಡಿದವರನ್ನು ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂಡಿಹಾಕಬಾರದು. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು ಶುರುವಾಗುತ್ತವೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ನಂತರ ಭ್ರಮೆ, ಜ್ವರ, ಬಡಬಡಿಕೆ ಕಂಡರೆ ಜೀವಕ್ಕೇ ಅಪಾಯ. ವೈದ್ಯರ ನೋಟದಲ್ಲೇ ಬಿಡಿಸಬೇಕು. ಗ್ಲೂಕೋಸ್ ಏರಿಸುವ ಮೊದಲೇ ಅಥವಾ ಅದರೊಂದಿಗೇ ಬಿ1 ಚುಚ್ಚುಮದ್ದು ಕೊಡುವುದು ವಾಡಿಕೆ. ಆದ್ದರಿಂದ ಕುಡಿತದ ಅಭ್ಯಾಸವಿರುವುದನ್ನು ಆಸ್ಪತ್ರೆಯಲ್ಲಿ ಮುಚ್ಚಿಡಬಾರದು.

ಚೇತರಿಕೆಯ ಊಟ

ಒಮ್ಮೆಗೇ ಹೊಟ್ಟೆ ತುಂಬ ಬಡಿಸದೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಗಂಜಿ, ತೊವ್ವೆ, ಮಜ್ಜಿಗೆ, ಬಾಳೆಹಣ್ಣು, ಎಳನೀರಿನಿಂದ ಶುರುಮಾಡಿ ರಾಗಿ, ಹೆಸರುಕಾಳು, ಅವರೆಕಾಳು, ಕಡಲೆಕಾಯಿ, ಸೊಪ್ಪಿಗೆ ಬರಬಹುದು. ಬಿಳಿ ಅಕ್ಕಿಗಿಂತ ಕುಚ್ಚಲಕ್ಕಿಯಲ್ಲಿ ಬಿ1 ಹೆಚ್ಚು. ಯಕೃತ್ತು ತೀರಾ ಕೆಟ್ಟಿದ್ದರೆ ಉಪ್ಪು ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ನೆರವು ಎಲ್ಲಿ?

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಶಿಬಿರದ ನಂತರ ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳಿವೆ. ವ್ಯಸನಮುಕ್ತಿಯ ಉಚಿತ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಬಟವಾಡೆಯ ಒಂದು ಭಾಗವನ್ನು, ಕೆಲಸಗಾರರ ಒಪ್ಪಿಗೆ ಪಡೆದು, ಮನೆಯಾಕೆಯ ಖಾತೆಗೇ ಹಾಕುವುದು, ಕೆಲಸದ ದಿನ ಮಧ್ಯಾಹ್ನ ಬಿಸಿ ಊಟ ಕೊಡುವುದು ಅಂಗಡಿ, ತೋಟದ ಮಾಲೀಕರಿಂದ ಆಗುವ ಕೆಲಸ. ಬೈಗುಳಕ್ಕಿಂತ ಇದರಿಂದ ಆ ಮನೆಯ ಮಕ್ಕಳಿಗೆ ಹೆಚ್ಚು ಉಪಯೋಗವಾಗುತ್ತದೆ.