ಅಡ್ಡಹೆಸರು

ನಾನು ಮದುವೆಯಾಗಿ ಕುಷ್ಟಗಿಗೆ ಬಂದ ಹೊಸದರಲ್ಲಿ, ಮೈಸೂರು ಕಡೆಯಿಂದ ಬಂದಿದ್ದ ನೆರೆಮನೆಯಾಕೆ ನನ್ನ ತವರಿನ ಅಡ್ಡಹೆಸರು ಕೇಳಿದಳು. ಪೊಲೀಸ್‌ಪಾಟೀಲ ಎಂದೆ. "ನಿಮ್ಮ ತಂದೆ ಪೊಲೀಸ್ ಇಲಾಖೆಯಲ್ಲಿದ್ದಾರಾ?" ಎಂದಳು. ಗಂಡನ ಮನೆಯದು ಮಾಲಿಪಾಟೀಲ ಎಂದಾಗ, "ಹಾಗಾದರೆ ಇವರದು ತೋಟದ ಕೆಲಸವೇ?" ಎಂದಳು. ಇಬ್ಬರೂ ನಕ್ಕೆವು. ಆದರೆ ಅವಳಿಗೆ ಉತ್ತರ ಹೇಳಲು ಹೋದಾಗ ಗೊತ್ತಾಯಿತು, ಎರಡು ಹೆಸರು ಹೊತ್ತುಕೊಂಡ ನನಗೇ ಅವುಗಳ ಕಥೆ ಸರಿಯಾಗಿ ತಿಳಿದಿರಲಿಲ್ಲ.

ನಮ್ಮ ಸೀಮೆ ಆಗ ಹೈದರಾಬಾದ್ ನಿಜಾಮರದು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಊರಿಗೆ ಇಬ್ಬರು ಪಾಟೀಲರು. 'ಮಾಲ್' ಎಂದರೆ ಕಂದಾಯ. ಅದನ್ನು ವಸೂಲಿ ಮಾಡುವವನು ಮಾಲಿಪಾಟೀಲ. ಜಗಳ, ಕಳವು ನೋಡಿಕೊಂಡು, ಹುಟ್ಟು ಸಾವು ವರದಿ ಮಾಡುವವನು ಪೊಲೀಸ್‌ಪಾಟೀಲ. ಲೆಕ್ಕ ಬರೆಯುವವನು ಪಟವಾರಿ. ಪಾಟೀಲ ಎಂಬುದು ಹಳೆಯ ಶಾಸನಗಳ 'ಪಟ್ಟಕಿಲ'ದಿಂದ ಬಂದದ್ದು ಎನ್ನುತ್ತಾರೆ. ಪೊಲೀಸ್ ಎಂಬುದರ ಬೇರು ಗ್ರೀಕರ 'ಪೊಲಿಸ್', ಅಂದರೆ ನಗರ. ಹೀಗೆ ನಗರದ ಪದವೊಂದು ಇಂಗ್ಲಿಷಿನ ಬೆನ್ನೇರಿ, ಹೈದರಾಬಾದ್ ದಾಟಿ, ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಬಂದು ಕುಳಿತಿತು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಹುದ್ದೆಯೂ ಹೋಯಿತು. ಹೆಸರು ಮಾತ್ರ ರೇಷನ್ ಕಾರ್ಡಿನಲ್ಲಿ ಉಳಿಯಿತು.

ಆಮೇಲೆ ನನಗೆ ಅಡ್ಡಹೆಸರುಗಳದೇ ಹುಚ್ಚು. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ ಎಲ್ಲರಿಗೂ ಗೊತ್ತಿರುವವು. ಹಡಪದ ಎಂದರೆ ಎಲೆ ಅಡಿಕೆಯ ಚೀಲ. ನದಾಫ ಎಂದರೆ ಅರಳೆ ಹಿಂಜುವವನು. ತಳವಾರ ಊರ ಕಾವಲಿನವನು.

ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಚಿತ್ರಗಾರರಿದ್ದಾರೆ. ಹಗುರ ಕಟ್ಟಿಗೆಯ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು, ಕಟ್ಟಿಗೆ ಹೊಟ್ಟು, ನೆನೆಸಿ ಪುಡಿ ಮಾಡಿದ ಗೋಣಿನಾರು ಕಲಸಿದ 'ಕಿಟ್ಟ' ಮೆತ್ತಿ, ಬಣ್ಣ ಬಳಿಯುತ್ತಾರೆ. ನಾನು ಹೋದ ಮನೆಯಲ್ಲಿ ಹುಣಸೆ ಬೀಜ ಅರೆಯುತ್ತಿದ್ದವಳು ಒಬ್ಬ ಹೆಂಗಸು. ಗೊಂಬೆಯ ಸೀರೆಯ ಅಂಚಿಗೆ ಬಣ್ಣ ಎಳೆಯುತ್ತಿದ್ದವಳೂ ಅವಳ ಸೊಸೆಯೇ. "ನೀವೂ ಚಿತ್ರಗಾರರೇನ್ರಿ?" ಎಂದು ಕೇಳಿದೆ. "ನಮ್ಮ ಮನಿಯವರ್ರೀ. ನಾವು ಸುಮ್ನ ಕೈ ಹಚ್ತೀವಿ" ಎಂದಳು. ಬಸ್ಸು ಹತ್ತಿದ ಮೇಲೂ ಆ "ಸುಮ್ನ" ನನ್ನನ್ನು ಬಿಡಲಿಲ್ಲ.

ಕಸುಬಿನ ಹೆಸರು ನಮ್ಮಲ್ಲಷ್ಟೇ ಇಲ್ಲ. ಇಂಗ್ಲೆಂಡಿನ ಸ್ಮಿತ್ ಕಮ್ಮಾರ, ಟೇಲರ್ ದರ್ಜಿ, ಬೇಕರ್ ರೊಟ್ಟಿ ಬೇಯಿಸುವವನು. ಆದರೆ ಅಲ್ಲಿ ಬ್ಯಾಕ್ಸ್‌ಟರ್, ವೆಬ್‌ಸ್ಟರ್ ಎಂಬ ಹೆಸರುಗಳೂ ಇವೆ. ಹಳೆಯ ಇಂಗ್ಲಿಷಿನಲ್ಲಿ 'ಸ್ಟರ್' ಹೆಣ್ಣಿಗೆ ಸೇರುವ ಪ್ರತ್ಯಯ. ಬ್ಯಾಕ್ಸ್‌ಟರ್ ರೊಟ್ಟಿ ಬೇಯಿಸುವವಳು, ವೆಬ್‌ಸ್ಟರ್ ನೇಯುವವಳು. ಮುಂದೆ ಈ ಪದಗಳು ಗಂಡಸರಿಗೂ ಬಳಕೆಯಾಗಿ ಮನೆತನದ ಹೆಸರಾಗಿ ನಿಂತವು. 1828ರಲ್ಲಿ ಅಮೆರಿಕದಲ್ಲಿ ದೊಡ್ಡ ನಿಘಂಟು ಪ್ರಕಟಿಸಿದ ನೋವಾ ವೆಬ್‌ಸ್ಟರ್ ಹೆಸರಿನೊಳಗೂ ಒಬ್ಬ ನೇಯ್ಗೆಯವಳು ಕುಳಿತಿದ್ದಾಳೆ! ನೂಲುವವಳೆಂಬ ಅರ್ಥದ ಸ್ಪಿನ್‌ಸ್ಟರ್ ಮಾತ್ರ ಮದುವೆಯಾಗದವಳೆಂದಾಯಿತು.

ನಮ್ಮ ಕನ್ನಡಕ್ಕೂ ಇಂಥ ಪ್ರತ್ಯಯವಿದೆ: ಸೂಲಗಿತ್ತಿ, ಹೂವಾಡಗಿತ್ತಿ, ಅಗಸಗಿತ್ತಿ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ ಇದ್ದರು. ಪಾವಗಡ ತಾಲ್ಲೂಕಿನ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಕರೆದದ್ದು ಸೂಲಗಿತ್ತಿ ನರಸಮ್ಮ ಎಂದೇ. ಆ ವರ್ಷದ ಕೊನೆಗೆ ಅವರು ತೀರಿಕೊಂಡರು. ಕಸುಬು ಹೆಣ್ಣಿನ ಹೆಸರಿನ ಹಿಂದೆ ನಿಂತದ್ದುಂಟು. ಆದರೆ ಸೂಲಗಿತ್ತಿ ಎಂದು ಅಡ್ಡಹೆಸರು ಬರೆಯುವ ಒಂದು ಮನೆತನವನ್ನೂ ನಾನು ಕಂಡಿಲ್ಲ. ಗಂಡಸಿನ ಕೆಲಸದ ಹೆಸರು ಮಕ್ಕಳಿಗೆ ಇಳಿಯುತ್ತದೆ, ಹೆಂಗಸಿನದು ಅವಳೊಂದಿಗೇ ಹೋಗುತ್ತದೆ.

ನಾನು ಹುಟ್ಟಿದ್ದು 1956ರಲ್ಲಿ, ಕನ್ನಡ ನಾಡು ಒಂದಾದ ವರ್ಷ. ಊರಿನ ಪೊಲೀಸ್‌ಪಾಟೀಲ ನಮ್ಮಜ್ಜನೇ. ನಾನು ಹುಟ್ಟಿದ್ದನ್ನು ಅವರೇ ಬರೆಸಿದರು, ಅಪ್ಪನ ಹೆಸರು ಹೇಳಿ. ಅಂದು ರಾತ್ರಿಯೆಲ್ಲ ಅವ್ವನ ಸೊಂಟ ಹಿಡಿದು ಕುಳಿತು, ಅಡ್ಡ ತಿರುಗಿದ್ದ ನನ್ನನ್ನು ಕೈಯಿಂದಲೇ ಸರಿಮಾಡಿ ಇಳಿಸಿಕೊಂಡವಳು ಊರಿನ ಸೂಲಗಿತ್ತಿ. ಅವಳಿಲ್ಲದಿದ್ದರೆ ಅಜ್ಜ ಬರೆಸುವುದು ಹುಟ್ಟಲ್ಲ, ಎರಡು ಸಾವು ಆಗುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು.

ಅವಳ ಹೆಸರೇನು? ಅವ್ವ ಇದ್ದಾಗ ನಾನು ಕೇಳಲಿಲ್ಲ. ಹೋದ ವರ್ಷ ಜಾತ್ರೆಗೆ ಹೋದಾಗ ಹಿರಿಯ ಹೆಂಗಸರನ್ನು ಕೇಳಿದೆ. "ಸೂಲಗಿತ್ತಿ ಆಯಿ ಅಂತಿದ್ವಿ ನೋಡವಾ. ಹೆಸರು ಯಾರು ಕೇಳ್ಯಾರ?" ಎಂದರು. ಅವಳ ಮೊಮ್ಮಗ ಗಂಗಾವತಿಯಲ್ಲಿದ್ದಾನೆ, ಅಡ್ಡಹೆಸರು ತಳವಾರ. ಅದು ಅವಳ ಗಂಡ ಮಾಡಿದ ಕಾವಲಿನ ಕೆಲಸ. ಅವನಿಗೂ ಅಜ್ಜಿಯ ಹೆಸರು ತಿಳಿಯದು.

ನಾನು ಎರಡೆರಡು ಹುದ್ದೆಯ ಹೆಸರು ಹೊತ್ತು ಬದುಕಿದೆ. ಆ ಎರಡೂ ಕೆಲಸ ನಮ್ಮ ಮನೆಯ ಯಾವ ಹೆಣ್ಣೂ ಮಾಡಿದವಳಲ್ಲ. ಊರಿನ ಅರ್ಧ ಜನರನ್ನು ಈ ಲೋಕಕ್ಕೆ ತಂದವಳಿಗೆ ಹೆಸರೇ ಉಳಿಯಲಿಲ್ಲ. ನಿಮ್ಮ ತಾಯಿ ಇನ್ನೂ ಇದ್ದರೆ, ನಿಮ್ಮನ್ನು ಮೊದಲು ಕೈಗೆತ್ತಿಕೊಂಡವಳ ಹೆಸರನ್ನು ಇವತ್ತೇ ಕೇಳಿಕೊಳ್ಳಿ. ಕೇಳಿ, ಎಲ್ಲಾದರೂ ಒಂದು ಕಡೆ ಬರೆದಿಡಿ.