ನರಕೋಶದ ಮಾದರಿ ಲಿನಕ್ಸಿಗೆ ಬಂದ ದಾರಿ

ಮೆದುಳಿನ ಮಾದರಿಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಮೀಕರಣಗಳ ಚರಿತ್ರೆಯಾಗಿ ಓದುತ್ತೇವೆ. ಆ ಸಮೀಕರಣಗಳನ್ನು ಬಿಡಿಸುವ ತಂತ್ರಾಂಶವನ್ನು ಸಂಶೋಧಕರು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡದ್ದು ಹೇಗೆ ಎಂಬುದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ. ಬರೆಯಲೇಬೇಕಾದ ವಿಷಯ ಅದು. ಬೇರೆಯವರ ಯಂತ್ರದಲ್ಲಿ ಓಡದ ಮಾದರಿಯನ್ನು ಒರೆಗೆ ಹಚ್ಚುವುದಾದರೂ ಹೇಗೆ?

1952ರಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲೆ ಸ್ಕ್ವಿಡ್ಡಿನ ದಪ್ಪ ನರತಂತುವಿನಲ್ಲಿ ವಿದ್ಯುತ್ ಸಂಕೇತ ಹುಟ್ಟುವ ಬಗೆಯನ್ನು ಗಣಿತಕ್ಕೆ ಇಳಿಸಿದರು. ಕೇಂಬ್ರಿಜ್‌ನ ಕಂಪ್ಯೂಟರು ಆಗ ಬಳಕೆಗೆ ಸಿಗಲಿಲ್ಲ. ಹಕ್ಸ್‌ಲೆ ಕೈಯಿಂದ ಹಿಡಿ ತಿರುಗಿಸುವ ಲೆಕ್ಕಯಂತ್ರದ ಮುಂದೆ ವಾರಗಟ್ಟಲೆ ಕೂತು ಉತ್ತರ ತೆಗೆದರು. ಮುಂದೆ ವಿಲ್ಫ್ರಿಡ್ ರಾಲ್ ನರಕೋಶದ ಕವಲುಗಳನ್ನು ಸಣ್ಣ ಸಣ್ಣ ಖಾನೆಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ದಾರಿ ತೋರಿದರು. ನರಕೋಶದ ಆಕಾರವನ್ನು ಗಣನೆಗೆ ತೆಗೆದುಕೊಳ್ಳುವ ಇಂದಿನ ಸಿಮ್ಯುಲೇಟರುಗಳು ನಿಂತಿರುವುದು ಈ ಎರಡು ಕೆಲಸಗಳ ಮೇಲೆ.

1980ರ ದಶಕದಲ್ಲಿ ಎರಡು ಕಡೆ ಎರಡು ತಂತ್ರಾಂಶಗಳು ಬೆಳೆದವು. ಕ್ಯಾಲ್‌ಟೆಕ್‌ನಲ್ಲಿ ಜೇಮ್ಸ್ ಬೋವರ್ ಅವರ ಪ್ರಯೋಗಾಲಯದಿಂದ ಜೆನೆಸಿಸ್. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹೈನ್ಸ್ ಮತ್ತು ಜಾನ್ ಮೂರ್ ಅವರಿಂದ ನ್ಯೂರಾನ್. ಎರಡೂ ಯುನಿಕ್ಸ್ ಪರಿಸರದ ಕೂಸುಗಳು. ಲಿನಕ್ಸ್ ಬಂದಾಗ ಸಾಧಾರಣ ಪಿಸಿಯಲ್ಲೂ ಅವು ಓಡುವಂತಾದವು. ಆದರೆ ಹಾಕಿಕೊಳ್ಳುವ ಶ್ರಮ ಪೂರ್ತಿ ಬಳಕೆದಾರರದ್ದೇ. ಜೆನೆಸಿಸ್‌ನ ಮೇಕ್‌ಫೈಲಿನಲ್ಲಿ ಒಂದೊಂದು ಆಪರೇಟಿಂಗ್ ಸಿಸ್ಟಮ್‌ಗೂ ಒಂದೊಂದು ಭಾಗವಿರುತ್ತಿತ್ತು. ಅದರಲ್ಲಿ ಲಿನಕ್ಸಿನದನ್ನು ಹುಡುಕಿ, ಸಾಲುಗಳ ಮುಂದಿನ ಹ್ಯಾಶ್ ಗುರುತು ಅಳಿಸಿ, ಆಮೇಲೆ ಕಂಪೈಲ್ ಮಾಡಬೇಕು. ಫ್ಲೆಕ್ಸ್, ಬೈಸನ್, ಎಕ್ಸ್ ವಿಂಡೋದ ಹೆಡರ್ ಫೈಲುಗಳು, ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ನ್ಯೂರಾನ್‌ಗಾದರೆ ಕಿಟಕಿ, ಗ್ರಾಫುಗಳಿಗಾಗಿ ಇಂಟರ್‌ವ್ಯೂಸ್ ಎಂಬ ಲೈಬ್ರರಿಯನ್ನು ಮೊದಲು ಕಂಪೈಲ್ ಮಾಡಿ, ಅದು ಎಲ್ಲಿದೆ ಎಂದು ಕಾನ್ಫಿಗರ್ ಹಂತದಲ್ಲಿ ತಿಳಿಸಬೇಕಿತ್ತು. ನರವಿಜ್ಞಾನ ಕಲಿಯಲು ಬಂದ ವಿದ್ಯಾರ್ಥಿಗೆ ಲಿಂಕರ್‌ನ ದೋಷಸಂದೇಶಗಳೇ ಮೊದಲ ಪಾಠವಾಗುತ್ತಿದ್ದವು.

ಈ ಕಥೆಯಲ್ಲಿ ಬೆಂಗಳೂರಿಗೂ ಜಾಗವಿದೆ. ಕ್ಯಾಲ್‌ಟೆಕ್‌ನಲ್ಲಿ ಬೋವರ್ ಜೊತೆ ಜೆನೆಸಿಸ್ ಮೇಲೆ ಕೆಲಸ ಮಾಡಿದ್ದ ಉಪಿಂದರ್ ಭಲ್ಲಾ ಮುಂದೆ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಮೂಸ್ ತಂತ್ರಾಂಶವನ್ನು ಬೆಳೆಸಿದರು. ನರಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನೂ ಹೊರಪೊರೆಯ ವಿದ್ಯುತ್ತನ್ನೂ ಒಂದೇ ಮಾದರಿಯಲ್ಲಿ ಹೆಣೆಯುವುದು ಅದರ ಹೆಚ್ಚುಗಾರಿಕೆ. ನೆನಪು ಹೇಗೆ ಉಳಿಯುತ್ತದೆ ಎಂದು ಕೇಳುವವರಿಗೆ ಎರಡೂ ಬೇಕು. ಅದರ ಆವೃತ್ತಿಗಳಿಗೆ ಚಮ್‌ಚಮ್, ಜಲೇಬಿ ಎಂದು ನಮ್ಮ ಸಿಹಿತಿಂಡಿಗಳ ಹೆಸರು. ನಮ್ಮ ನೆಲದಲ್ಲಿ ಬೆಳೆದ ಇಂಥ ಉಪಕರಣವನ್ನು ನಮ್ಮ ವಿಶ್ವವಿದ್ಯಾಲಯಗಳ ಜೀವವಿಜ್ಞಾನ ತರಗತಿಗಳು ಧಾರಾಳವಾಗಿ ಬಳಸಬೇಕು ಎಂಬುದು ನನ್ನ ಆಸೆ.

ದೊಡ್ಡ ತಿರುವು ಬಂದದ್ದು ಪೈಥಾನ್‌ನಿಂದ. ಅಲ್ಲಿಯತನಕ ಒಂದೊಂದು ಸಿಮ್ಯುಲೇಟರಿಗೂ ಒಂದೊಂದು ಭಾಷೆ: ನ್ಯೂರಾನ್‌ಗೆ ಹಾಕ್, ನರಕೋಶ ಜಾಲಗಳ ಸಿಮ್ಯುಲೇಟರಾದ ನೆಸ್ಟ್‌ಗೆ ಎಸ್‌ಎಲ್‌ಐ. 2008–09ರ ಹೊತ್ತಿಗೆ ಇವೆರಡಕ್ಕೂ ಪೈಥಾನ್ ಬಾಗಿಲು ತೆರೆಯಿತು. ಡ್ಯಾನ್ ಗುಡ್‌ಮನ್ ಮತ್ತು ರೋಮ್ಯಾನ್ ಬ್ರೆಟ್ ರೂಪಿಸಿದ ಬ್ರಯಾನ್ ಅಂತೂ ಹುಟ್ಟಿನಿಂದಲೇ ಪೈಥಾನ್‌ನದು. ಕಾಗದದ ಮೇಲೆ ಬರೆದಂತೆಯೇ ಸಮೀಕರಣ ಬರೆದರೆ ಸಾಕು. ನೆಸ್ಟ್ ಸಣ್ಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 2013ರಲ್ಲಿ ಜಪಾನಿನ ಕೆ ಸೂಪರ್‌ಕಂಪ್ಯೂಟರಿನ 82,944 ಪ್ರೊಸೆಸರುಗಳ ಮೇಲೆ 173 ಕೋಟಿ ನರಕೋಶಗಳ ಜಾಲವನ್ನು ಓಡಿಸಿದ್ದೂ ಅದೇ. ಜಾಲದ ಒಂದು ಸೆಕೆಂಡಿಗೆ ಯಂತ್ರ 40 ನಿಮಿಷ ತೆಗೆದುಕೊಂಡಿತು.

ಈಗ ನ್ಯೂರಾನ್ ಬೇಕೆಂದರೆ ಟರ್ಮಿನಲ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ನ್ಯೂರಾನ್’ ಎಂದು ಕೊಟ್ಟರೆ ಆಯಿತು. ನೆಸ್ಟ್ ಕೋಂಡಾ ಮೂಲಕವೂ ಉಬುಂಟುವಿನ ಪಿಪಿಎ ಮೂಲಕವೂ ಬರುತ್ತದೆ. ಆದರೂ ಕಂಪೈಲರಿನ ಋಣ ತೀರಿಲ್ಲ. ನ್ಯೂರಾನ್‌ನಲ್ಲಿ ಅಯಾನ್ ಚಾನೆಲ್‌ಗಳನ್ನು ವಿವರಿಸುವ ಮಾಡ್ ಫೈಲುಗಳಿರುವ ಫೋಲ್ಡರಿಗೆ ಹೋಗಿ ‘ಎನ್‌ಆರ್‌ಎನ್‌ಐವಿಮೋಡ್ಲ್’ ಆಜ್ಞೆ ಕೊಡಬೇಕು. ಅದು ಒಂದೊಂದು ಫೈಲನ್ನೂ ಮೊದಲು ಕೋಡಿಗೆ ಇಳಿಸಿ, ಕಂಪೈಲ್ ಮಾಡಿ, ಯಂತ್ರದ ಮಾದರಿಯ ಹೆಸರಿನ ಹೊಸ ಫೋಲ್ಡರಿನಲ್ಲಿ ಇಡುತ್ತದೆ. ಜಿಸಿಸಿಯಂಥ ಕಂಪೈಲರ್ ಇಲ್ಲದ ಯಂತ್ರದಲ್ಲಿ ಆಟ ಇಲ್ಲಿಗೇ ನಿಲ್ಲುತ್ತದೆ. ಹಳೆಯ ಮಾದರಿಗಳದ್ದು ಇನ್ನೊಂದು ತೊಡಕು: ನ್ಯೂರಾನ್‌ನ 9ನೇ ಆವೃತ್ತಿ ಈ ಫೈಲುಗಳನ್ನು ಸಿ ಬದಲು ಸಿ++ ಆಗಿ ಕಂಪೈಲ್ ಮಾಡುತ್ತದೆ. ಫೈಲಿನ ನಡುವೆ ಲೇಖಕರು ನೇರವಾಗಿ ಸೇರಿಸಿದ್ದ ಸಿ ತುಣುಕುಗಳು ಎಷ್ಟೋ ಸಲ ಅಲ್ಲಿ ಎಡವುತ್ತವೆ. ಯೇಲ್‌ನ ಮಾಡೆಲ್‌ಡಿಬಿ ಕಣಜದಲ್ಲಿರುವ ಹಳೆಯ ಮಾದರಿಯನ್ನು ಓಡಿಸಹೊರಟವರು ಒಂದೋ ಆ ಸಾಲುಗಳನ್ನು ತಿದ್ದಬೇಕು, ಇಲ್ಲವೇ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಹಳೆಯ ಆವೃತ್ತಿಯನ್ನೇ ಹಾಕಿಕೊಳ್ಳಬೇಕು. ಎರಡನೆಯದೇ ಮೇಲು. ಮೂಲ ಪ್ರಬಂಧದ ಗ್ರಾಫು ಹಾಗೆಯೇ ಮೂಡುವುದನ್ನು ಮೊದಲು ಕಣ್ಣಾರೆ ಕಂಡ ಮೇಲೆ ತಿದ್ದುವ ಮಾತು.

ಒಂದೇ ಸಾಲಿನ ಈ ಸಲೀಸು ಪುಕ್ಕಟೆ ಬಂದದ್ದಲ್ಲ. ನ್ಯೂರಾನ್‌ನ ಹಳೆಯ ಬಿಲ್ಡ್ ವ್ಯವಸ್ಥೆಯನ್ನು ಸಿಮೇಕ್‌ಗೆ ಬದಲಿಸಿದ್ದು, ಸಿದ್ಧ ಪ್ಯಾಕೇಜುಗಳನ್ನು ಕಟ್ಟಿದ್ದು, ಇವುಗಳಲ್ಲಿ ಸ್ವಿಟ್ಜರ್ಲೆಂಡಿನ ಬ್ಲೂ ಬ್ರೇನ್ ಯೋಜನೆಯ ಎಂಜಿನಿಯರುಗಳ ದುಡಿಮೆ ದೊಡ್ಡದು. ಆ ಯೋಜನೆ 2024ರ ಕೊನೆಗೆ ಮುಗಿಯಿತು. ಹೊಸ ಮಾದರಿಗೆ ಅನುದಾನ ಕೇಳುವುದು ಸುಲಭ, ಹಳೆಯ ಸಿಮ್ಯುಲೇಟರನ್ನು ಪ್ರತಿ ಹೊಸ ಪೈಥಾನಿಗೂ ಹೊಂದಿಸುವ ಕೆಲಸಕ್ಕೆ ಕೇಳುವುದು ಕಷ್ಟ. ಈ ಕ್ಷೇತ್ರಕ್ಕೆ ಹಣ ಕೊಡುವವರು ಮೊದಲು ಸರಿಪಡಿಸಬೇಕಾದದ್ದು ಇದನ್ನೇ.